‘ಸ್ಮೋಕ್ ಆನ್ ದ ವಾಟರ್’: ಹಾಡಿನ ಬೆಂಕಿ ನಿಜಾನಾ? ರಿಫ್‌ಗೆ ಆ ತೂಕ ಹೇಗೆ ಬರುತ್ತದೆ?

ನಾಲ್ಕುತಂತಿ:
ನಮ್ಮ ಬ್ಯಾಂಡ್‌ನಲ್ಲಿ ಗಿಟಾರ್, ಬಾಸ್, ಡ್ರಮ್ಸ್, ಹಾಡುವವಳು, ಅಷ್ಟೇ. ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ಇಂಗ್ಲಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ಈ ಹಾಡು ಆರಿಸಿದ್ದೇವೆ. ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕು, ಯಾರಿಗೆ ಬರಲ್ಲ ಹೇಳಿ, ಆದರೆ ನಾವು ನುಡಿಸಿದರೆ ರೆಕಾರ್ಡಿನ ತೂಕ ಇರುವುದಿಲ್ಲ. ಕೀಬೋರ್ಡ್ ಇಲ್ಲದೆ ಆಗುತ್ತಾ? ಮತ್ತೆ, ಆ ಬೆಂಕಿಯ ಕಥೆ ನಿಜಾನಾ? ಹಾಡುವವಳು ಕೇಳುತ್ತಿದ್ದಾಳೆ.

ಹಳೇಕ್ಯಾಸೆಟ್:
ಅಕ್ಷರಶಃ ನಿಜ. 1971ರ ಡಿಸೆಂಬರ್ 4, ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಂಡೆಯ ಮಾಂತ್ರೋ. ಅಲ್ಲಿನ ಕ್ಯಾಸಿನೋದಲ್ಲಿ ಆಲ್ಬಂ ರೆಕಾರ್ಡ್ ಮಾಡಲು ಇವರು ರೋಲಿಂಗ್ ಸ್ಟೋನ್ಸ್‌ನವರ ಲಾರಿ ಸ್ಟುಡಿಯೋ ತರಿಸಿಕೊಂಡಿದ್ದರು. ಅದಕ್ಕೆ ಮುಂಚೆ ಫ್ರಾಂಕ್ ಜಪ್ಪಾ ಕಾರ್ಯಕ್ರಮ ಇತ್ತು, ಅದರ ನಡುವೆ ಯಾರೋ ಫ್ಲೇರ್ ಗನ್ (ಉರಿಯುವ ಸಂಕೇತ ಹಾರಿಸುವ ಪಿಸ್ತೂಲು) ಹಾರಿಸಿ ಕಟ್ಟಡವೇ ಸುಟ್ಟುಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಜಾಝ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನಾಬ್ಸ್ ಜನರನ್ನು ಹೊರಗೆ ತಂದರು. ಹಾಡಿನ ‘ಫಂಕಿ ಕ್ಲೋಡ್’ ಅವರೇ. ಸರೋವರದ ಮೇಲೆ ಹೊಗೆ ಹಬ್ಬಿದ್ದನ್ನು ಬ್ಯಾಂಡಿನವರು ಕಣ್ಣಾರೆ ನೋಡಿದ್ದರು, ಆಮೇಲೆ ಒಂದು ಬೆಳಿಗ್ಗೆ ಬಾಸ್ ನುಡಿಸುವ ರೋಜರ್ ಗ್ಲೋವರ್‌ಗೆ ನಿದ್ದೆಯಿಂದ ಏಳುವಾಗ ಈ ಹೆಸರು ಹೊಳೆಯಿತು.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ಪೆವಿಲಿಯನ್ ಎಂಬ ಥಿಯೇಟರಿಗೆ ಹೋಗಿ ರಿಫ್ ರೆಕಾರ್ಡ್ ಮಾಡುತ್ತಿದ್ದರೆ, ಗಲಾಟೆ ಅಂತ ಅಕ್ಕಪಕ್ಕದವರ ದೂರಿನ ಮೇಲೆ ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರಿನಲ್ಲಿ ಉಳಿದ ಕೆಲಸ ಮುಗಿಸಿದರು. ಆ ಆಲ್ಬಂ ‘ಮೆಷಿನ್ ಹೆಡ್’ 1972ರಲ್ಲಿ ಬಂತು. ಸಾಹಿತ್ಯ ನಡೆದದ್ದನ್ನು ನಡೆದ ಹಾಗೆ ಹೇಳುತ್ತದೆ. ಹಾಡುವವಳಿಗೆ ಹೇಳಿ, ಕಿರುಚುವುದು ಬೇಡ, ಸುದ್ದಿ ಹೇಳುವ ಹಾಗೆ ಹಾಡಲಿ.

ಮಾರ್ಷಲ್‌ಪ್ರೇಮಿ:
ತೂಕದ ವಿಷಯಕ್ಕೆ ಬರುತ್ತೇನೆ. ನಿಮ್ಮ ಗಿಟಾರಿನವರು ಪವರ್ ಕಾರ್ಡ್ (ಮೂಲ ಸ್ವರ ಮತ್ತು ಅದರ ಪಂಚಮ ಒಟ್ಟಿಗೆ) ಹಿಡಿಯುತ್ತಿದ್ದಾರೆ ಅನಿಸುತ್ತದೆ. ತುಂಬಾ ಜನ ಹಾಗೇ ಹಿಡಿಯುತ್ತಾರೆ. ಡೀಪ್ ಪರ್ಪಲ್‌ನ ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ನುಡಿಸುವುದು ಡಿ ಮತ್ತು ಜಿ, ಎರಡೇ ತಂತಿ: ಎರಡೂ ಖಾಲಿ, ಆಮೇಲೆ 3ನೇ ಫ್ರೆಟ್ (ಗಿಟಾರ್ ಕತ್ತಿನ ಮೆಟ್ಟಿಲು), 5ನೇ ಫ್ರೆಟ್. ತಂತಿ ಮೀಟುವ ಪಿಕ್ ಕೂಡ ಇಲ್ಲ, ಎರಡು ತಂತಿಯನ್ನೂ ಬೆರಳಿಂದ ಒಟ್ಟಿಗೆ ಮೀಟುತ್ತಾರೆ. ಪಿಕ್ಕಿನಲ್ಲಿ ಕೆರೆದರೆ ಒಂದು ತಂತಿ ಚೂರು ಮುಂಚೆ ಕೇಳುತ್ತದೆ, ಅಲ್ಲೇ ಏಟು ಸಡಿಲವಾಗುತ್ತದೆ. ಡಿಸ್ಟಾರ್ಶನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಅರ್ಧಕ್ಕೆ ಇಳಿಸಿ. ನಿಮಗೆ ಕೇಳುವ ಆ ದಪ್ಪ ಗಿಟಾರಿನದ್ದು ಮಾತ್ರ ಅಲ್ಲ, ಅವರ ಕೀಬೋರ್ಡಿನವರು ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್‌ನಲ್ಲಿ ಹಾಯಿಸಿ ಅದೇ ರಿಫ್ ನುಡಿಸಿದ್ದಾರೆ.

ನಾಲ್ಕುತಂತಿ:
ಬೆರಳಿಂದ ಮೀಟಿ ನೋಡಿದೆವು, ಈಗಲೇ ವ್ಯತ್ಯಾಸ ಗೊತ್ತಾಗುತ್ತಿದೆ! ಆರ್ಗನ್ ಜಾಗಕ್ಕೆ ಏನು ಮಾಡೋಣ?

ಮಾರ್ಷಲ್‌ಪ್ರೇಮಿ:
ಯಾರನ್ನಾದರೂ ಇದೊಂದು ಹಾಡಿಗೆ ಎರಡನೇ ಗಿಟಾರಿಗೆ ಕರೆಯಿರಿ, ಆರ್ಗನ್ ಬರುವ ಜಾಗದಲ್ಲಿ ಅವರು ಸೇರಲಿ. ಆದರೆ ಬಾಸ್ ಅವಸರಪಡಬಾರದು. ಮೊದಲು ಗಿಟಾರ್ ಒಂದೇ, ಆಮೇಲೆ ಹೈ-ಹ್ಯಾಟ್ (ಡ್ರಮ್ಸ್ ಜೊತೆಗಿನ ಜೋಡಿ ತಾಳ) ಮತ್ತು ಆರ್ಗನ್, ಆಮೇಲೆ ಪೂರ್ತಿ ಡ್ರಮ್ಸ್, ಬಾಸ್ ಎಲ್ಲರಿಗಿಂತ ಕೊನೆಗೆ. ಈ ಸರದಿ ತಪ್ಪಿಸಬೇಡಿ.