ಪಾಸ್‌ವರ್ಡ್ ತೆಗೆದ ಮೇಲೆ ಮನೆಯ ಇನ್ನೊಂದು ಕಂಪ್ಯೂಟರ್‌ನ ಫೋಲ್ಡರ್ ತೆರೆಯುತ್ತಿಲ್ಲ

ಪ್ರಶ್ನೆ

ನಮಸ್ಕಾರ. ನಮ್ಮ ಮನೆಯಲ್ಲಿ ಒಂದೇ ರೂಟರ್‌ಗೆ ಸೇರಿದ ಎರಡು ಕಂಪ್ಯೂಟರ್‌ಗಳಿವೆ. ಒಂದು ವಿಂಡೋಸ್ 10 ಇರುವ ಹಳೆಯ ಡೆಸ್ಕ್‌ಟಾಪ್. ಫೋಟೊಗಳು, ಲೆಕ್ಕಪತ್ರಗಳು ಎಲ್ಲವೂ ಅದರ ಒಂದು ಫೋಲ್ಡರ್‌ನಲ್ಲಿದ್ದು, ಅದನ್ನು ಶೇರ್ ಮಾಡಿದ್ದೇನೆ. ಇನ್ನೊಂದು ವಿಂಡೋಸ್ 11 ಇರುವ ನನ್ನ ಲ್ಯಾಪ್‌ಟಾಪ್. ಎರಡರಲ್ಲೂ ಒಂದೇ ಹೆಸರಿನ, ಒಂದೇ ಪಾಸ್‌ವರ್ಡ್‌ನ ಲೋಕಲ್ ಅಕೌಂಟ್ (ಆಯಾ ಕಂಪ್ಯೂಟರ್‌ನಲ್ಲೇ ಇರುವ ಖಾತೆ) ಇಟ್ಟುಕೊಂಡಿದ್ದರಿಂದ ಆ ಫೋಲ್ಡರ್ ಇಷ್ಟು ದಿನ ಏನನ್ನೂ ಕೇಳದೆ ತೆರೆದುಕೊಳ್ಳುತ್ತಿತ್ತು.

ಡೆಸ್ಕ್‌ಟಾಪನ್ನು ಮನೆಯವರೆಲ್ಲ ಬಳಸುವುದರಿಂದ, ಪ್ರತಿ ಸಲ ಪಾಸ್‌ವರ್ಡ್ ಒತ್ತುವ ಕಿರಿಕಿರಿ ಬೇಡವೆಂದು ಕಳೆದ ವಾರ ಎರಡರಲ್ಲೂ ಪಾಸ್‌ವರ್ಡ್ ಬದಲಿಸುವ ಕಡೆಗೆ ಹೋಗಿ, ಹೊಸ ಪಾಸ್‌ವರ್ಡ್‌ನ ಜಾಗವನ್ನು ಖಾಲಿ ಬಿಟ್ಟು ಸೇವ್ ಮಾಡಿದೆ. ಈಗ ಎರಡೂ ಆನ್ ಮಾಡಿದ ಕೂಡಲೇ ನೇರವಾಗಿ ಒಳಗೆ ಹೋಗುತ್ತವೆ. ಆದರೆ ಲ್ಯಾಪ್‌ಟಾಪ್‌ನಿಂದ ಶೇರ್ ಫೋಲ್ಡರ್ ತೆರೆಯಲು ಹೋದರೆ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬರುತ್ತದೆ. ಪಾಸ್‌ವರ್ಡ್ ಖಾಲಿ ಬಿಟ್ಟು ಎಂಟರ್ ಒತ್ತಿದರೆ, ಅಕೌಂಟ್ ಮೇಲಿನ ನಿರ್ಬಂಧಗಳಿಂದಾಗಿ ಈ ಬಳಕೆದಾರರು ಒಳಬರುವಂತಿಲ್ಲ ಎಂಬ ಅರ್ಥದ ಸಂದೇಶ ಕಾಣಿಸುತ್ತದೆ. ರೂಟರನ್ನು ಆಫ್ ಮಾಡಿ ಆನ್ ಮಾಡಿದ್ದಾಯಿತು, ಶೇರ್ ಅನುಮತಿಯಲ್ಲಿ ‘ಎವ್ರಿವನ್’ (ಎಲ್ಲರೂ) ಸೇರಿಸಿದ್ದಾಯಿತು. ಡೆಸ್ಕ್‌ಟಾಪ್ ನೆಟ್‌ವರ್ಕ್‌ನಲ್ಲಿ ಸಿಗುತ್ತಿದೆಯೇ ಎಂದು ನೋಡಲು ಲ್ಯಾಪ್‌ಟಾಪ್‌ನಿಂದ ಪಿಂಗ್ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತಿದೆ. ದೋಷ ಎಲ್ಲಿರಬಹುದು?

ಉತ್ತರ 1

ಪಿಂಗ್‌ಗೆ ಉತ್ತರ ಬರುತ್ತಿರುವುದರಿಂದ ರೂಟರನ್ನು ಅದರ ಪಾಡಿಗೆ ಬಿಟ್ಟುಬಿಡಿ. ಶೇರ್ ಅನುಮತಿಯನ್ನು ನೋಡುವ ಹಂತಕ್ಕೂ ನಿಮ್ಮ ಲ್ಯಾಪ್‌ಟಾಪ್ ಇನ್ನೂ ತಲುಪಿಲ್ಲ. ಅದಕ್ಕೂ ಮೊದಲೇ, ಬಂದವರು ಯಾರು ಎಂದು ಕೇಳುವ ಹಂತದಲ್ಲೇ ಡೆಸ್ಕ್‌ಟಾಪ್ ಅದನ್ನು ತಿರುಗಿಸಿ ಕಳುಹಿಸುತ್ತಿದೆ. ಹಾಗಾಗಿ ‘ಎವ್ರಿವನ್’ ಅನ್ನು ದಯವಿಟ್ಟು ತೆಗೆದುಹಾಕಿ.

ಇಲ್ಲಿ ನಡೆಯುವ ಲಾಗಿನ್‌ಗಳು ಎರಡು. ಕಂಪ್ಯೂಟರ್ ಮುಂದೆ ಕೂತಾಗ ನಡೆಯುವುದು ಮೊದಲನೆಯದು. ಫೋಲ್ಡರ್ ತೆರೆದಾಗ ಲ್ಯಾಪ್‌ಟಾಪ್ ತಾನಾಗಿಯೇ, ನೀವು ಆಗಲೇ ಕೊಟ್ಟಿದ್ದ ಹೆಸರು ಮತ್ತು ಪಾಸ್‌ವರ್ಡ್‌ನ ಆಧಾರದ ಮೇಲೆ ಡೆಸ್ಕ್‌ಟಾಪ್‌ಗೆ ತನ್ನ ಗುರುತು ತೋರಿಸುವುದು ಎರಡನೆಯದು. ಎರಡು ಕಡೆಯೂ ಅವು ಒಂದೇ ಆಗಿದ್ದುದರಿಂದ ಈ ಎರಡನೆಯ ಲಾಗಿನ್ ನಿಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗಲೂ ಎರಡು ಕಡೆ ಒಂದೇ ಇದೆಯಲ್ಲ, ಎರಡೂ ಖಾಲಿ ಎಂದು ನೀವು ಕೇಳಬಹುದು. ಆದರೆ ಪಾಸ್‌ವರ್ಡ್ ಇಲ್ಲದ ಲೋಕಲ್ ಅಕೌಂಟ್‌ನಿಂದ ಆ ಯಂತ್ರದ ಎದುರಿಗೆ ಕೂತು ಮಾತ್ರ ಲಾಗಿನ್ ಆಗಬಹುದು, ನೆಟ್‌ವರ್ಕ್ ಮೂಲಕ ಆಗುವಂತಿಲ್ಲ ಎಂಬ ನಿಯಮ ಹಳೆಯ ವಿಂಡೋಸ್ ಎಕ್ಸ್‌ಪಿ ಆವೃತ್ತಿಯ ಕಾಲದಿಂದಲೂ ವಿಂಡೋಸ್‌ನಲ್ಲಿದೆ. ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ಲಿಮಿಟ್ ಬ್ಲ್ಯಾಂಕ್ ಪಾಸ್‌ವರ್ಡ್ ಯೂಸ್’ ಎಂಬ ಅಂಶವನ್ನು 1ರಿಂದ 0ಗೆ ಬದಲಿಸಿದರೆ ಈ ತಡೆ ಹೋಗುತ್ತದೆ. ಆದರೆ ವೈಫೈ ಸೇರಿದ ಯಾರೇ ಆಗಲಿ ಬರೀ ಹೆಸರು ಹೇಳಿ ನಿಮ್ಮ ಲೆಕ್ಕಪತ್ರದೊಳಗೆ ಬರಬಹುದಾದ್ದರಿಂದ ಆ ದಾರಿಯನ್ನು ನಾನು ಸೂಚಿಸುವುದಿಲ್ಲ.

ಪಾಸ್‌ವರ್ಡ್ ಇಲ್ಲದಿರುವುದು ಬೇರೆ, ಪಾಸ್‌ವರ್ಡ್ ಇದ್ದೂ ಅದನ್ನು ಯಂತ್ರವೇ ತುಂಬಿಕೊಳ್ಳುವುದು ಬೇರೆ. ನಿಮಗೆ ಬೇಕಾಗಿರುವುದು ಎರಡನೆಯದು. ಎರಡೂ ಅಕೌಂಟ್‌ಗಳಿಗೆ ಮೊದಲಿನಂತೆ ಒಂದೇ ಪಾಸ್‌ವರ್ಡ್ ಇಡಿ. ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ, ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಎನ್, ಇ, ಟಿ, ಪಿ, ಎಲ್, ಡಬ್ಲ್ಯೂ, ಐ, ಝಡ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಕಿಟಕಿಯ ಮೇಲ್ಭಾಗದಲ್ಲಿ, ಬಳಕೆದಾರರು ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕು ಎಂಬ ಸಾಲಿನ ಮುಂದಿರುವ ಟಿಕ್ ತೆಗೆದು ಅಪ್ಲೈ ಒತ್ತಿದರೆ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ. ಅಲ್ಲಿ ನಿಜವಾದ ಪಾಸ್‌ವರ್ಡನ್ನೇ ಕೊಡಿ. ಆ ಸಾಲು ಕಾಣಿಸದಿದ್ದರೆ ಗಾಬರಿ ಬೇಡ, ಇತ್ತೀಚಿನ ಆವೃತ್ತಿಗಳಲ್ಲಿ ಅದು ಅಡಗಿರುವುದುಂಟು. ಆಗ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಪುಟದಲ್ಲಿ ಉಚಿತವಾಗಿ ಸಿಗುವ ‘ಆಟೊಲಾಗನ್’ ಎಂಬ ಪುಟ್ಟ ಸಾಧನವನ್ನು ಬಳಸಿ.

ಉತ್ತರ 2

ಮೇಲಿನ ಉತ್ತರಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ಹುಡುಕಿದರೆ ಸಿಗುವ ಎಷ್ಟೋ ಸಲಹೆಗಳಲ್ಲಿ ರಿಜಿಸ್ಟ್ರಿಯ ‘ವಿನ್‌ಲಾಗನ್’ ಭಾಗಕ್ಕೆ ಹೋಗಿ ‘ಡಿಫಾಲ್ಟ್ ಪಾಸ್‌ವರ್ಡ್’ ಎಂಬಲ್ಲಿ ಪಾಸ್‌ವರ್ಡ್ ಬರೆಯಿರಿ ಎಂದಿರುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ಪಾಸ್‌ವರ್ಡ್ ಅಲ್ಲಿ ಸಾದಾ ಅಕ್ಷರಗಳಲ್ಲಿ, ತೆರೆದು ನೋಡಿದವರಿಗೆಲ್ಲ ಕಾಣುವಂತೆ ಕೂತಿರುತ್ತದೆ. ಆಟೊಲಾಗನ್ ಸಾಧನ ಅದನ್ನು ಗೂಢಲಿಪಿಯಲ್ಲಿ ಇಡುತ್ತದೆ. ಆ ಯಂತ್ರದ ಅಡ್ಮಿನಿಸ್ಟ್ರೇಟರ್ ಮನಸ್ಸು ಮಾಡಿದರೆ ಅದನ್ನೂ ಹೊರತೆಗೆಯಬಹುದಾದ್ದರಿಂದ, ಬ್ಯಾಂಕ್‌ಗೋ ಇಮೇಲ್‌ಗೋ ಬಳಸುವ ಪಾಸ್‌ವರ್ಡನ್ನು ಇಲ್ಲಿ ಇಡಬೇಡಿ.

ಇನ್ನು, ಮನೆ ಬಿಟ್ಟು ಹೊರಗೆ ಹೋಗುವ ಲ್ಯಾಪ್‌ಟಾಪ್‌ಗೆ ಸ್ವಯಂ ಲಾಗಿನ್ ಬೇಡವೇ ಬೇಡ. ಅದಕ್ಕೆ ಪಿನ್ ಇಟ್ಟುಕೊಳ್ಳಿ. ಆದರೆ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ ಎಂಬುದು ನೆನಪಿರಲಿ; ಶೇರ್ ಫೋಲ್ಡರ್ ಪಾಸ್‌ವರ್ಡ್ ಕೇಳಿದಾಗ ಪಿನ್ ಕೊಟ್ಟು, ತಪ್ಪು ಎಂದು ಬಂದು ತಲೆ ಕೆಡಿಸಿಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಎರಡು ಕಡೆಯೂ ಪಾಸ್‌ವರ್ಡ್ ಇಟ್ಟೆ. ನೀವು ಹೇಳಿದ ಸಾಲು ನನ್ನ ಡೆಸ್ಕ್‌ಟಾಪ್‌ನಲ್ಲಿ ಕಾಣಲಿಲ್ಲವಾದ್ದರಿಂದ ಆಟೊಲಾಗನ್ ಬಳಸಿದೆ, ಅದು ನೇರವಾಗಿ ಒಳಗೆ ಹೋಗುತ್ತಿದೆ. ಆದರೆ ಲ್ಯಾಪ್‌ಟಾಪ್‌ನಿಂದ ಈಗ 1219 ಎಂಬ ಬೇರೆಯೇ ದೋಷ ಬರುತ್ತಿದೆ. ನಡುವೆ ತುರ್ತಾಗಿ ಒಂದು ಕಡತ ಬೇಕಾಗಿದ್ದಾಗ, ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇದ್ದ ಇನ್ನೊಂದು ಅಕೌಂಟ್‌ನ ಹೆಸರು ಕೊಟ್ಟು ಅದೇ ಫೋಲ್ಡರನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ಡ್ರೈವ್‌ನಂತೆ ಕಾಣುವ ಹಾಗೆ ಝಡ್ ಡ್ರೈವ್ ಆಗಿ ಮ್ಯಾಪ್ ಮಾಡಿಕೊಂಡಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ 1

ಇದೆ, ಅದೇ ಕಾರಣ. ಒಂದು ಲ್ಯಾಪ್‌ಟಾಪ್‌ನಿಂದ ಒಂದೇ ಡೆಸ್ಕ್‌ಟಾಪ್‌ಗೆ ಏಕಕಾಲದಲ್ಲಿ ಎರಡು ಬೇರೆ ಹೆಸರುಗಳಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ. 1219 ಎಂದರೆ ಅಷ್ಟೇ. ಮೊದಲು ಝಡ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಕನೆಕ್ಟ್ ಮಾಡಿ. ಆಮೇಲೆ ಲ್ಯಾಪ್‌ಟಾಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ, ಉಳಿಸಿಟ್ಟ ಹೆಸರು ಮತ್ತು ಪಾಸ್‌ವರ್ಡ್‌ಗಳ ಜಾಗವಾದ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ, ವಿಂಡೋಸ್ ಕ್ರೆಡೆನ್ಷಿಯಲ್ಸ್ ಅಡಿಯಲ್ಲಿ ಡೆಸ್ಕ್‌ಟಾಪ್‌ನ ಹೆಸರಿನಲ್ಲಿ ಉಳಿದಿರುವ ಹಳೆಯ ನಮೂದನ್ನು ತೆಗೆದುಹಾಕಿ. ಇದನ್ನು ಬಿಟ್ಟರೆ ಮುಂದಿನ ಸಲವೂ ಲ್ಯಾಪ್‌ಟಾಪ್ ಆ ಹಳೆಯ ಹೆಸರನ್ನೇ ಹಿಡಿದುಕೊಂಡು ಹೋಗುತ್ತದೆ. ಕೊನೆಗೆ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ಈಗಿನ ಅಕೌಂಟ್‌ನಿಂದಲೇ ಡ್ರೈವ್ ಮ್ಯಾಪ್ ಮಾಡಿಕೊಳ್ಳಿ.

ಹೊಸದಾಗಿ ಮ್ಯಾಪ್ ಮಾಡಿದ ಮೇಲೂ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಆ ಡ್ರೈವ್ ಮೇಲೆ ಕೆಂಪು ಗುಣಿಸು ಗುರುತು ಕಂಡರೆ ಮತ್ತೆ ಎಲ್ಲವನ್ನೂ ಬದಲಿಸಲು ಹೋಗಬೇಡಿ. ವೈಫೈ ಸೇರುವ ಮೊದಲೇ ವಿಂಡೋಸ್ ಡ್ರೈವನ್ನು ಹುಡುಕಿ ಸೋತಿರುತ್ತದೆ, ಒಮ್ಮೆ ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಹಳೆಯ ಹೆಸರು ಇದ್ದೇ ಇತ್ತು. ತೆಗೆದು ರೀಸ್ಟಾರ್ಟ್ ಮಾಡಿದ ಮೇಲೆ ಫೋಲ್ಡರ್ ಮೊದಲಿನಂತೆ ಏನನ್ನೂ ಕೇಳದೆ ತೆರೆಯಿತು. ಒಂದೇ ಒಂದು ಕೊರತೆ: ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗಿ ಎದ್ದಾಗ ಮಾತ್ರ ಪಾಸ್‌ವರ್ಡ್ ಕೇಳುತ್ತಿದೆ.

ಉತ್ತರ 2

ಆಟೊಲಾಗನ್ ಯಂತ್ರ ಆನ್ ಆಗುವಾಗ ಮಾತ್ರ ಕೆಲಸ ಮಾಡುತ್ತದೆ, ನಿದ್ರೆಯಿಂದ ಎದ್ದಾಗಿನ ಲೆಕ್ಕ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅದರಲ್ಲಿ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ, ‘ರಿಕ್ವೈರ್ ಸೈನ್-ಇನ್’ ಎಂಬಲ್ಲಿ ‘ನೆವರ್’ ಆರಿಸಿ.