ಪದಚರ್ಚೆ: ಡಿಎನ್‌ಎ ಒಳಗಿನ ‘ಬೇಸ್’ ಅನ್ನು ಕ್ಷಾರ ಅನ್ನಬಹುದಾ? ‘ಡಿಆಕ್ಸಿ’ಗೆ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಮಕ್ಕಳಿಗಾಗಿ ಡಿಎನ್‌ಎ (ಡಿಆಕ್ಸಿರೈಬೋನ್ಯೂಕ್ಲಿಕ್ ಆಮ್ಲ), ಆರ್‌ಎನ್‌ಎ (ರೈಬೋನ್ಯೂಕ್ಲಿಕ್ ಆಮ್ಲ) ರಚನೆ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬರವಣಿಗೆ ನಿಂತಿದೆ. ರಸಾಯನಶಾಸ್ತ್ರ ಪಾಠ ಮಾಡುವವರು, ಅನುವಾದ ಮಾಡುವವರು ಇಲ್ಲಿದ್ದೀರಿ. ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಬೇಸ್’. ಡಿಎನ್‌ಎ ಎಳೆಯ ಒಂದೊಂದು ಘಟಕದಲ್ಲೂ ಐದು ಇಂಗಾಲದ ಒಂದು ಸಕ್ಕರೆ, ಒಂದು ಫಾಸ್ಫೇಟ್, ಒಂದು ಬೇಸ್ ಇರುತ್ತವೆ. ಬೇಸ್‌ಗಳಲ್ಲಿ ನಾಲ್ಕು ಬಗೆ: ಅಡೆನಿನ್, ಗ್ವಾನಿನ್, ಸೈಟೊಸಿನ್, ಥೈಮಿನ್. ಆರ್‌ಎನ್‌ಎಯಲ್ಲಿ ಥೈಮಿನ್ ಜಾಗದಲ್ಲಿ ಯುರಾಸಿಲ್. ಇವನ್ನು ಕೆಲವರು ‘ಸಾರಜನಕಯುಕ್ತ ಪ್ರತ್ಯಾಮ್ಲ’ ಅನ್ನುತ್ತಾರೆ, ಕೆಲವರು ‘ಕ್ಷಾರ’, ಇನ್ನು ಕೆಲವರು ಸುಮ್ನೆ ‘ಬೇಸ್’.

ಪ್ರತ್ಯಾಮ್ಲ ಅಂದ ಕೂಡಲೇ ಹುಷಾರಾದ ಮಗು ಒಂದು ಪ್ರಶ್ನೆ ಕೇಳಿಯೇ ಕೇಳುತ್ತದೆ. ನ್ಯೂಕ್ಲಿಕ್ ಆಮ್ಲ ಅಂತ ಹೆಸರಿಟ್ಟು, ಒಳಗೆ ಪ್ರತ್ಯಾಮ್ಲ ಇದೆ ಅಂತೀರಲ್ಲ, ಎರಡೂ ಸೇರಿದರೆ ಲವಣ ಆಗಬೇಕಲ್ವಾ? ಆಮ್ಲ, ಪ್ರತ್ಯಾಮ್ಲ, ಲವಣದ ಪಾಠವನ್ನು ಹತ್ತನೇ ತರಗತಿಯಲ್ಲೇ ಓದಿರುವ ಮಗು ಅದು. ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗಬಾರದು.

ಆಮ್ಲದ ಗುಣ ಬರುವುದು ಫಾಸ್ಫೇಟಿನಿಂದ. ಜೀವಕೋಶದೊಳಗೆ ಅದು ಪ್ರೋಟಾನ್ ಬಿಟ್ಟುಕೊಟ್ಟು ಋಣ ಆವೇಶ ಹೊತ್ತಿರುತ್ತದೆ. ಇದನ್ನು ಲ್ಯಾಬಿನಲ್ಲಿ ನೋಡಬಹುದು. ಜೆಲ್ ಅನ್ನುವ ಮೆತ್ತನೆಯ ಹಾಸಿನ ಒಂದು ತುದಿಯ ಗುಳಿಗಳಿಗೆ ನೀಲಿ ಬಣ್ಣ ಬೆರೆಸಿದ ಡಿಎನ್‌ಎ ಹಾಕುತ್ತಾರೆ. ಆ ತುದಿಗೆ ಕಪ್ಪು ವೈರು, ಎದುರು ತುದಿಗೆ ಕೆಂಪು ವೈರು. ಕರೆಂಟ್ ಕೊಟ್ಟರೆ ಡಿಎನ್‌ಎ ಕೆಂಪು ವೈರಿನ ಕಡೆಗೆ, ಅಂದರೆ ಧನ ತುದಿಯ ಕಡೆಗೆ ಹೊರಡುತ್ತದೆ. ಚಿಕ್ಕ ತುಂಡುಗಳು ಮುಂದೆ, ದೊಡ್ಡವು ಹಿಂದೆ.

ಹಾಗಾದರೆ ‘ಬೇಸ್’ ಅನ್ನುವ ಹೆಸರು ಎಲ್ಲಿಂದ ಬಂತು? ಈ ಅಣುಗಳ ಉಂಗುರದಲ್ಲಿರುವ ಸಾರಜನಕ ಒಂದು ಪ್ರೋಟಾನನ್ನು ಸೇರಿಸಿಕೊಳ್ಳಬಲ್ಲದು. ಬಿಡಿಯಾಗಿ ಸಿಕ್ಕಾಗ ಅವು ದುರ್ಬಲ ಪ್ರತ್ಯಾಮ್ಲಗಳು. ಥೈಮಿನ್, ಯುರಾಸಿಲ್‌ಗಳಲ್ಲಂತೂ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಡಿಎನ್‌ಎಯ ಎರಡು ಎಳೆಗಳ ಸುರುಳಿಯೊಳಗೆ ಬೇಸ್‌ಗಳ ಕೆಲಸವೇ ಬೇರೆ. ಎದುರು ಎಳೆಯ ಸಂಗಾತಿಯ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಂಡು ಕೂತಿರುತ್ತವೆ: ಅಡೆನಿನ್-ಥೈಮಿನ್ ನಡುವೆ ಎರಡು, ಗ್ವಾನಿನ್-ಸೈಟೊಸಿನ್ ನಡುವೆ ಮೂರು. ಅಲ್ಲಿ ಪ್ರತ್ಯಾಮ್ಲದ ವರ್ತನೆ ಹುಡುಕಿದರೆ ಸಿಗುವುದಿಲ್ಲ.

ಹೆಸರು ಹಳೆಯ ಕಾಲದ್ದು. ಗ್ವಾನಿನ್ ಅನ್ನು ಮೊದಲು ಕಂಡದ್ದು ಗ್ವಾನೊದಲ್ಲಿ, ಅಂದರೆ ಗೊಬ್ಬರಕ್ಕೆ ಬಳಸುತ್ತಿದ್ದ ಕಡಲಹಕ್ಕಿಗಳ ಹಿಕ್ಕೆಯಲ್ಲಿ. ಅದಾಗಿ ಎಷ್ಟೋ ವರ್ಷಕ್ಕೆ, 1869ರಲ್ಲಿ, ಫ್ರೆಡ್ರಿಕ್ ಮೀಷರ್ ಬ್ಯಾಂಡೇಜಿನ ಕೀವಿನ ಕೋಶಗಳಿಂದ ‘ನ್ಯೂಕ್ಲಿನ್’ ತೆಗೆದರು. ಅದಕ್ಕೆ ನ್ಯೂಕ್ಲಿಕ್ ಆಮ್ಲ ಅಂತ ಹೆಸರು ಬಂದದ್ದು 1889ರಲ್ಲಿ. ಆಲ್ಬ್ರೆಕ್ಟ್ ಕೋಸೆಲ್ 1885ರಲ್ಲಿ ಅಡೆನಿನ್, ಮುಂದಿನ ದಶಕದಲ್ಲಿ ಥೈಮಿನ್, ಸೈಟೊಸಿನ್‌ಗಳನ್ನು ಬೇರ್ಪಡಿಸಿದರು. ಇಡೀ ಅಣುವಿಗೆ ಒಂದು ಗುಣದಿಂದ ಹೆಸರು ಬಂತು, ಒಡೆದ ಚೂರುಗಳಿಗೆ ಇನ್ನೊಂದು ಗುಣದಿಂದ. ಮಗುವಿನ ಗೊಂದಲಕ್ಕೆ ಕಾರಣ ಇಷ್ಟೇ.

‘ಕ್ಷಾರ’ ಮಾತ್ರ ಬೇಡ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಕ್ಷಾರ ಅಂತ ಶಾಲೆಯಲ್ಲಿ ಕಲಿಸಿದ್ದೇವೆ. ಗ್ವಾನಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬೇಕು. ಇನ್ನೊಂದು ಕಾರಣ ಎರಡನೇ ಪದದಲ್ಲಿದೆ.

ಅದು ‘ಡಿಆಕ್ಸಿ’. ಇದನ್ನು ‘ಆಮ್ಲಜನಕರಹಿತ ಸಕ್ಕರೆ’ ಅಂತ ಬರೆದರೆ ಪೂರ್ತಿ ತಪ್ಪಾಗುತ್ತದೆ. ಆರ್‌ಎನ್‌ಎಯ ರೈಬೋಸ್‌ನಲ್ಲಿ 5 ಇಂಗಾಲ, 10 ಜಲಜನಕ, 5 ಆಮ್ಲಜನಕ. ಡಿಎನ್‌ಎಯ ಡಿಆಕ್ಸಿರೈಬೋಸ್‌ನಲ್ಲಿ ಆಮ್ಲಜನಕ 4, ಉಳಿದದ್ದೆಲ್ಲ ಅಷ್ಟೇ. ಎರಡನೇ ಇಂಗಾಲದ ಮೇಲೆ ರೈಬೋಸ್‌ಗೆ ಒಂದು ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕದ ಜೋಡಿ) ಇದೆ, ಡಿಆಕ್ಸಿರೈಬೋಸ್‌ಗೆ ಬರೀ ಜಲಜನಕ. ವ್ಯತ್ಯಾಸ ಒಂದೇ ಒಂದು ಪರಮಾಣು! ಅದರಿಂದ ಆಗುವ ಪರಿಣಾಮ ಮಾತ್ರ ಬಹಳ ದೊಡ್ಡದು. ಆರ್‌ಎನ್‌ಎಗೆ ಕ್ಷಾರದ ದ್ರಾವಣ ಹಾಕಿದರೆ ಆ ಹೈಡ್ರಾಕ್ಸಿಲ್ ತನ್ನ ಪಕ್ಕದ ಫಾಸ್ಫೇಟಿನ ಮೇಲೆಯೇ ಎರಗುತ್ತದೆ, ಎಳೆ ತುಂಡುತುಂಡಾಗುತ್ತದೆ. ಡಿಎನ್‌ಎಗೆ ಹಾಕಿದರೆ ಎರಡು ಎಳೆಗಳು ಬಿಟ್ಟುಕೊಳ್ಳುತ್ತವೆ, ಆದರೆ ಒಂದೊಂದು ಎಳೆಯೂ ಉಳಿಯುತ್ತದೆ. ಸಾವಿರಾರು ವರ್ಷ ಹಳೆಯ ಮೂಳೆಯಲ್ಲೂ ಡಿಎನ್‌ಎ ಸಿಗುವುದಕ್ಕೆ ಈ ಗಟ್ಟಿತನವೂ ಒಂದು ಕಾರಣ.

ಈಗ ನೋಡಿ, ಈ ಪ್ಯಾರಾದಲ್ಲಿ ‘ಕ್ಷಾರ’ಕ್ಕೆ ಅದರ ನಿಜವಾದ ಅರ್ಥದಲ್ಲೇ ಕೆಲಸ ಇದೆ. ಬೇಸ್‌ಗೂ ಅದೇ ಪದ ಹಾಕಿದರೆ, ಒಳಗಿನ ಅಡೆನಿನ್ನೇ ಎಳೆಯನ್ನು ಕತ್ತರಿಸಿತು ಅಂತ ಮಗು ಓದಿಕೊಳ್ಳಬಹುದು.

‘ಆಮ್ಲಜನಕ’ ಅನ್ನುವ ಪದವೂ ಇಲ್ಲಿ ತೊಂದರೆ ಕೊಡುತ್ತದೆ. ಆಮ್ಲ ಹುಟ್ಟಿಸುವುದೇ ಅದು ಅಂತ ರಸಾಯನವಿಜ್ಞಾನಿ ಲವಾಸಿಯೆ ನಂಬಿದ್ದರಿಂದ ಬಂದ ಹೆಸರಿನ ಕನ್ನಡ ರೂಪ ಅದು. ಆಮ್ಲಜನಕ ಕಳೆದ ಮೇಲೂ ಡಿಎನ್‌ಎ ಆಮ್ಲ ಹೇಗಾಯಿತು ಅಂತ ಕೇಳಿದರೆ, ಮತ್ತೆ ಫಾಸ್ಫೇಟನ್ನೇ ತೋರಿಸಬೇಕು.

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ಮೊದಲ ಸಲ ‘ಪ್ರತ್ಯಾಮ್ಲ’ ಅಂತ ಬರೆದು, ಅದಕ್ಕೆ ಆ ಹೆಸರು ಯಾಕೆ ಅಂತ ವಿವರಿಸಿ, ಆಮೇಲೆ ‘ಬೇಸ್’, ‘ಬೇಸ್ ಜೋಡಿ’. ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಬೇಸ್ ಜೋಡಿಗಳಿವೆ ಅನ್ನುವುದು ಸಲೀಸಾಗಿ ಓದಿಸಿಕೊಳ್ಳುತ್ತದೆ. ಡಿಆಕ್ಸಿರೈಬೋಸನ್ನು ಹಾಗೇ ಇಟ್ಟು, ‘ಒಂದು ಆಮ್ಲಜನಕ ಕಡಿಮೆ ಇರುವ ರೈಬೋಸ್’ ಅಂತ ಪಕ್ಕದಲ್ಲಿ ಹೇಳಿದ್ದೇನೆ. ‘ಆಮ್ಲಜನಕನ್ಯೂನ’ ಅಂತ ಕಟ್ಟಬಹುದು, ಆದರೆ ಆ ಪದವನ್ನು ಬಿಡಿಸಿ ಹೇಳುವುದಕ್ಕೇ ಇನ್ನೊಂದು ಸಾಲು ಜಾಸ್ತಿ ಬೇಕು.

ತರಗತಿಯಲ್ಲಿ ನೀವು ‘ಡಿಆಕ್ಸಿ’ಯನ್ನು ಬಾಯಿಮಾತಿನಲ್ಲಿ ಹೇಗೆ ಹೇಳುತ್ತೀರಿ? ಬೇಸ್‌ಗೆ ‘ಕ್ಷಾರ’ವೇ ಸರಿ ಅನ್ನುವವರು ಯಾರಾದರೂ ಇದ್ದರೆ ನಿಮ್ಮ ಕಾರಣವನ್ನೂ ಬರೆಯಿರಿ. ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ, ತಿದ್ದುವುದಕ್ಕೆ ಸಮಯ ಇದೆ.