ಒಂದೂವರೆ ಎಕ್ರೆಲಿ ಹಸು, ಕೋಳಿ, ಮೇಕೆ: ಮೊದ್ಲು ಯಾವ್ದು ತರೋದು?

ಹಳೇಬೀಡು ಕಡೆಯವ:
ಎಲ್ರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಸಂಸಾರ ಸಮೇತ ಊರಿಗೆ ಬಂದ್ಬಿಟ್ಟಿದೀವಿ, ಒಂದೂವರೆ ಎಕ್ರೆ ಜಮೀನು, ಬೋರ್ ಇದೆ ಆದ್ರೆ ಬೇಸಿಗೇಲಿ ನೀರು ಸಣ್ಣಗಾಗುತ್ತೆ, ಅಪ್ಪನ ಕಾಲದ ಕೊಟ್ಟಿಗೆ ಗಟ್ಟಿಯಾಗೇ ಇದೆ ಹೆಂಚು ಮಾತ್ರ ತಿರುವಿ ಹಾಕಿಸ್ಬೇಕು. ಭಾವ ಎರಡು ಎಚ್‌ಎಫ್ (ಜಾಸ್ತಿ ಹಾಲು ಕೊಡೋ ಸೀಮೆಹಸು) ಕಟ್ಟು, ಡೈರಿಗೆ ಹಾಕಿದ್ರೆ ಮನೆ ಖರ್ಚು ಹೋಗುತ್ತೆ ಅಂತಾರೆ. ಅಮ್ಮ ಮಾತ್ರ ನಾಟಿ ಹಸನೇ ಸಾಕು, ಮಕ್ಕಳಿಗೆ ಹಾಲಾದ್ರೆ ಆಯ್ತು ಅಂತಾರೆ. ಹೆಂಡ್ತಿಗೆ ನಾಟಿ ಕೋಳಿ, ಮಕ್ಕಳಿಗೆ ಮೇಕೆ ಮರಿ. ಎಲ್ಲಾ ಒಟ್ಟಿಗೆ ತರೋಕೆ ಧೈರ್ಯ ಬರ್ತಿಲ್ಲ. ಸಾಕಿ ಅನುಭವ ಇರೋರು ದಯವಿಟ್ಟು ಹೇಳಿ, ಯಾವ್ದರಿಂದ ಶುರು ಮಾಡ್ಲಿ?

ಅರಸೀಕೆರೆ ಅಕ್ಕ:
ತಮ್ಮಾ, ಹಸು ನೋಡೋಕ್ ಹೋಗೋ ಮುಂಚೆ ಹುಲ್ಲು ನೆಡು. ಒಂದು ಸೀಮೆಹಸೂಗೆ ದಿನಕ್ಕೆ 25-30 ಕೆಜಿ ಹಸಿಮೇವು ಬೇಕು, ಅದ್ರ ಜೊತೆ 5-6 ಕೆಜಿ ಒಣಹುಲ್ಲು, ಹಿಂಡಿ ಬೂಸಾ ಅಂತೂ ಅಂಗಡಿಯಿಂದ್ಲೇ ಬರೋದು, ಮೇವನ್ನೂ ದುಡ್ಡು ಕೊಟ್ಟು ತಂದ್ರೆ ಡೈರಿ ಬಟವಾಡೆ ಎಲ್ಲಾ ಅಲ್ಲಿಗೇ ಸರಿಹೋಗುತ್ತೆ. ನೇಪಿಯರ್ ಅನ್ನೋ ಮೇವಿನ ಹುಲ್ಲಿನ ಕಡ್ಡಿ ಈಗ ನೆಟ್ರೆ ಮೊದ್ಲ ಕೊಯ್ಲಿಗೆ ಎರಡೂವರೆ ತಿಂಗ್ಳು, ಆಮೇಲೆ ಒಂದೂವರೆ ತಿಂಗಳಿಗೊಂದು ಕೊಯ್ಲು ಸಿಗುತ್ತೆ. ಬೇಸಿಗೆಗೆ ರಾಗಿ ಹುಲ್ಲು ಮೆದೆ ಹಾಕಿಟ್ಕೋ, ಭತ್ತದ ಹುಲ್ಲಿಗಿಂತ ಅದ್ರಲ್ಲಿ ಸತ್ವ ಜಾಸ್ತಿ. ಬರೀ ಹಸಿಹುಲ್ಲು ಹಾಕಿದ್ರೆ ಹಾಲು ಜಾಸ್ತಿ ಬರ್ಬೋದು ಆದ್ರೆ ಫ್ಯಾಟ್ ಇಳಿಯುತ್ತೆ, ಡೈರಿಲಿ 3.5 ಫ್ಯಾಟು 8.5 ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಲ್ಲಿರೋ ಉಳಿದ ಗಟ್ಟಿ ಅಂಶ) ಬಂದ್ರೇನೇ ರೇಟು, ಅದಕ್ಕೇ ಒಣಹುಲ್ಲು ಬಿಡ್ಬಾರ್ದು.

ಇನ್ನೊಂದು, ಕೆಚ್ಚಲು ಬಾವು. ನಮ್ಮತ್ತೆ ಕರೆಯೋಕೆ ಕೂತ್ರೆ ಮೊದ್ಲು ಪ್ರತಿ ಮೊಲೆಯಿಂದ ಎರಡು ಧಾರೆ ಕಪ್ಪು ಬಟ್ಟೆ ಮೇಲೆ ಬಿಟ್ಟು ಬೆಳಕಿಗೆ ಹಿಡಿದು ನೋಡ್ತಾರೆ, ಚೂರು ಗಡ್ಡೆ ಗಡ್ಡೆ ಕಂಡ್ರೆ ಆ ಹಾಲು ಕ್ಯಾನಿಗೆ ಹೋಗಲ್ಲ, ಡಾಕ್ಟರಿಗೆ ಅವತ್ತೇ ಫೋನು. ಕರೆದಾದ ತಕ್ಷಣ ಮುಂದೆ ಒಂದು ಹೊರೆ ಹುಲ್ಲು ಹಾಕ್ತಾರೆ, ಯಾಕಂದ್ರೆ ಮೊಲೆ ತೂತು ಮುಚ್ಚೋಕೆ ಅರ್ಧ ಗಂಟೆ ಬೇಕು, ಅಷ್ಟರೊಳಗೆ ಸಗಣಿ ಮೇಲೆ ಮಲಗಿದ್ರೆ ರೋಗ ಒಳಗೆ ಹೋಗುತ್ತೆ. ಇದು ಪುಸ್ತಕ ಓದಿದ್ದಲ್ಲ, ಅವ್ರು ಮೊದ್ಲಿಂದ ಮಾಡ್ಕೊಂಡು ಬಂದಿದ್ದು, ಡಾಕ್ಟ್ರೂ ಇದನ್ನೇ ಹೇಳಿದ್ರು.

ಮೂಡಿಗೆರೆ ಮಳೆ:
ಅಕ್ಕ ಹೇಳಿದ್ದು ಬಯಲುಸೀಮೆಗೆ ಸರಿ, ನಮ್ಮ ಕಡೆ ಲೆಕ್ಕ ಬೇರೆ. ಮಳೆಗಾಲದಲ್ಲಿ ಕೊಟ್ಟಿಗೆ ಒಣಗೋದೇ ಇಲ್ಲ, ಉಣ್ಣೆ ಕಾಟ ಬೇರೆ, ಉಣ್ಣೆ ಜ್ವರ ಬಂದ್ರೆ ಸೀಮೆಹಸು ಬೇಗ ಸೋತುಬಿಡುತ್ತೆ. ನಾವು ಕಟ್ಟಿರೋದು ಮಲೆನಾಡು ಗಿಡ್ಡ ಅನ್ನೋ ನಾಟಿ ಹಸು. ಹೊತ್ತಿಗೆ ಒಂದೆರಡು ಲೀಟ್ರು ಅಷ್ಟೇ, ಆದ್ರೆ ಕಾಡಂಚಲ್ಲಿ ಮೇಯ್ಕೊಂಡು ಬರುತ್ತೆ, ಹಿಂಡಿ ಬೂಸಾ ಒಂದು ಹಿಡಿ ಸಾಕು. 2012ರಲ್ಲಿ ಇದನ್ನ ಪ್ರತ್ಯೇಕ ತಳಿ ಅಂತ ಸರ್ಕಾರದವ್ರೇ ಗುರುತಿಸಿದಾರೆ. ಮನೆಗೆ ಹಾಲು, ತೋಟಕ್ಕೆ ಗೊಬ್ಬರ ಅಂದ್ರೆ ನಿಮ್ಮಮ್ಮ ಹೇಳಿದ್ದೇ ಸರಿ ಅನ್ನಿಸುತ್ತೆ ನಂಗೆ.

ಮೇಕೆ ಮಾತ್ರ ಬೇಲಿ ಗಟ್ಟಿ ಮಾಡದೆ ತರ್ಲೇಬೇಡಿ, ಮೆಣಸಿನ ಬಳ್ಳಿ, ಎಳೇ ಅಡಿಕೆ ಸಸಿ ಏನೂ ಉಳ್ಸಲ್ಲ. ಕೋಳಿ ತರ್ಬೋದು ಆದ್ರೆ ರಾತ್ರಿ ಗೂಡು ಭದ್ರ ಇರ್ಬೇಕು, ಮುಂಗುಸಿ ಸಣ್ಣ ಸಂದಿ ಸಿಕ್ರೂ ನುಗ್ಗುತ್ತೆ. ಕೋಳಿಗೆ ಬರೋ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮರಿ ಒಂದು ವಾರದ್ದಿರುವಾಗ್ಲೇ ಹಾಕ್ಸಿ, ಎರಡು ತಿಂಗಳಿಗೆ ಮತ್ತೆ. ಲಸಿಕೆ ತರುವಾಗ ಐಸ್ ಇರೋ ಡಬ್ಬಿಲಿ ತನ್ನಿ, ಬಿಸಿಲಲ್ಲಿ ಬೈಕಿಗೆ ನೇತಾಕ್ಕೊಂಡು ಬಂದ್ರೆ ಅದು ನೀರಿಗೆ ಸಮ.

ಹಳೇಬೀಡು ಕಡೆಯವ:
ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಹತ್ತು ಗುಂಟೆಗೆ ಮೊದ್ಲು ಹುಲ್ಲು ನೆಡ್ತೀನಿ. ಆಮೇಲೆ ಒಂದು ಹಸು, ಕೋಳಿ ಸ್ವಲ್ಪ. ಹಸು ಕೊಳ್ಳುವಾಗ ಏನು ನೋಡ್ಬೇಕು? ದಲ್ಲಾಳಿ ಹದಿನೈದು ಲೀಟ್ರು ಅಂತಾನೆ, ನಂಬೋದು ಹೇಗೆ?

ಚನ್ನರಾಯಪಟ್ಟಣ ಹಾಲು:
ನಂಬ್ಬೇಡಿ ಸರ್, ಕರೆಸಿ ನೋಡಿ. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸ್ತಾರೆ, ಅದಕ್ಕೇ ಸಂಜೆ ಹೋಗಿ ನಿಮ್ಮೆದುರಿಗೇ ಪೂರ್ತಿ ಕರೆಸಿ, ಬೆಳಗ್ಗೆ ಮತ್ತೆ ಹೋಗಿ, ಸಂಜೆ ಇನ್ನೊಂದು ಸಲ, ಆ ಕೊನೇ ಎರಡು ಹೊತ್ತಿನ ಹಾಲೇ ನಿಜವಾದ ಲೆಕ್ಕ. ಎರಡನೇ ಸೂಲಿಂದು, ಅಂದ್ರೆ ಎರಡನೇ ಸಲ ಕರು ಹಾಕಿರೋದು ಸಿಕ್ರೆ ಒಳ್ಳೇದು. ನಾಲ್ಕೂ ಮೊಲೇಲಿ ಹಾಲು ಬರುತ್ತಾ ನೀವೇ ಕೈ ಹಾಕಿ ನೋಡಿ, ಕರೆದಾದ್ಮೇಲೆ ಕೆಚ್ಚಲು ಮೆತ್ತಗೆ ಇಳೀಬೇಕು, ಗಟ್ಟಿ ಉಳಿದ್ರೆ ಬಿಟ್ಬಿಡಿ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಹಾಕ್ಸಿದಾರಾ ಕೇಳಿ. ಬಂದ ಹಸೂನ ಎರಡು ಮೂರು ವಾರ ಬೇರೆ ಕಟ್ಟಿ. ರಾತ್ರಿ ಹೊತ್ತು ಹುಷಾರಿಲ್ದೆ ಹೋದ್ರೆ ಯಾರನ್ನ ಕರೀಬೇಕು ಅಂತ ಹಸು ಬರೋ ಮುಂಚೆನೇ ವಿಚಾರಿಸಿಟ್ಕೊಳ್ಳಿ. ಹಗಲಾದ್ರೆ 1962ಕ್ಕೆ ಫೋನ್ ಮಾಡಿದ್ರೆ ಪಶು ಆಂಬುಲೆನ್ಸ್ ಬರುತ್ತೆ, ದೊಡ್ಡ ಕೇಸಾದ್ರೆ ಹಾಸನದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ರಾನೇ ಇದೆ.